ಬಿತ್ತಿದ ಕಾಯಿ, ಎದ್ದ ದೇಹ

ಪುನರುತ್ಥಾನವನ್ನು ಆತ್ಮದ ಅಮರತ್ವವೆಂದೋ ಪುನರ್ಜನ್ಮದ ಮತ್ತೊಂದು ಹೆಸರೆಂದೋ ತಿಳಿಯುವುದು ರೂಢಿಯಲ್ಲಿದ್ದರೂ ಕ್ರೈಸ್ತ ವಿಶ್ವಾಸದಲ್ಲಿ ಅದರ ಅರ್ಥವೇ ಬೇರೆ. ಆತ್ಮವು ಹಳೆಯ ದೇಹವನ್ನು ಕಳಚಿ ಹೊಸದನ್ನು ತೊಡುವುದು ಪುನರ್ಜನ್ಮವಾದರೆ, ಸತ್ತ ಮನುಷ್ಯನನ್ನು ಅವನ ಗುರುತು ಅಳಿಯದಂತೆ, ದೇಹಸಮೇತವಾಗಿ, ಮತ್ತೆ ಸಾವಿಲ್ಲದ ಬದುಕಿಗೆ ದೇವರು ಎಬ್ಬಿಸುವುದೇ ಪುನರುತ್ಥಾನ. ಯೇಸು ಹಾಗೆ ಎದ್ದನೆಂಬುದೇ ಈಸ್ಟರ್ ಹಬ್ಬದ ತಿರುಳು. ಗುಬ್ಬಿಯಲ್ಲಿ 1830ರ ದಶಕದ ಕೊನೆಗೆ ನೆಲೆಯೂರಿದ ವೆಸ್ಲಿಯನ್ ಮಿಷನರಿಗಳು ತುಮಕೂರು ಸೀಮೆಯ ಜನರಿಗೆ ಕನ್ನಡದಲ್ಲಿ ಸಾರಿದ್ದೂ ಇದನ್ನೇ.

ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಇದನ್ನು ಬಿತ್ತಿದ ಕಾಳಿನ ಹೋಲಿಕೆಯಿಂದ ವಿವರಿಸುತ್ತಾನೆ. ಅದೇ ತುಮಕೂರು ಸೀಮೆಯ ದಂಡಿನಶಿವರದ ತೆಂಗಿನ ತೋಟಗಳಲ್ಲಿ ಆ ಹೋಲಿಕೆಗೆ ಗೋಧಿಯ ಕಾಳನ್ನು ಹುಡುಕಬೇಕಾಗಿಲ್ಲ. ಅಟ್ಟಕ್ಕೇರಿದ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ, ಉಂಡೆ ಕೊಬ್ಬರಿಯಾಗಿ, ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ತರುತ್ತದೆ. ಪಾತಿಯ ಮರಳಿಗೆ ಇಳಿದ ಬಿತ್ತನೆಕಾಯಿಯಾದರೋ ಆ ಬೆಲೆಯನ್ನು ಬಿಟ್ಟುಕೊಟ್ಟಿರುತ್ತದೆ. ಅದರ ಒಳಗೆ ನೀರಿದ್ದ ಜಾಗವನ್ನು ಬೆಂಡಿನಂತಹ ಮೆದು ಮುದ್ದೆಯೊಂದು ತುಂಬುತ್ತ, ಸುತ್ತಲಿನ ತಿರುಳನ್ನು ಕರಗಿಸಿ ಹೀರಿಕೊಳ್ಳುತ್ತ, ಮೂರು ಕಣ್ಣುಗಳ ಪೈಕಿ ಮೆತ್ತಗಿರುವ ಒಂದರಿಂದ ಹೊರಬಿದ್ದ ಮೊಳಕೆಗೆ ಉಣಿಸುತ್ತದೆ. ಕಾಯಿ ಕಾಯಾಗಿ ಉಳಿಯುವುದಿಲ್ಲ, ಆದರೂ ಎದ್ದ ಗಿಡ ಬೇರೆಯದಲ್ಲ. ಪೌಲನು ಹೇಳುವ ಅಳಿವು ಮತ್ತು ನಿರಂತರತೆಗಳೆರಡೂ ಇಲ್ಲಿ ಒಂದೇ ಚಿಪ್ಪಿನೊಳಗಿವೆ.

ಸತ್ತ ಮೇಲೆ ಏಳುವ ಇಂತಹ ಭರವಸೆಯ ಬಗ್ಗೆ, ಸ್ವರ್ಗದ ಆಸೆಯಿಂದ ಮಾಡುವ ಒಳಿತು ವ್ಯಾಪಾರವಲ್ಲವೇ ಎಂಬ ಆಕ್ಷೇಪ ಹಳೆಯದು, ನ್ಯಾಯವಾದದ್ದೂ ಹೌದು. ಪೌಲನು ತನ್ನ ಅಧ್ಯಾಯವನ್ನು ಬಹುಮಾನದ ಭರವಸೆಯಿಂದ ಮುಗಿಸದೆ, ಪ್ರಭುವಿನ ಕೆಲಸದಲ್ಲಿ ಪಟ್ಟ ಶ್ರಮ ವ್ಯರ್ಥವಾಗದೆಂಬ ಮಾತಿನಿಂದ ಮುಗಿಸಿರುವುದನ್ನು ಗಮನಿಸಿದರೆ ಆ ಆಕ್ಷೇಪದ ಮೊನೆ ಮೊಂಡಾಗುತ್ತದೆ. ಗೀತೆಯ ನಿಷ್ಕಾಮ ಕರ್ಮ ಫಲದ ಹಂಬಲವನ್ನೇ ಬಿಡಿಸುತ್ತದೆ. ಪುನರುತ್ಥಾನದ ವಿಶ್ವಾಸವು ಫಲವನ್ನು ದೇವರ ಕೈಯಲ್ಲಿಟ್ಟು, ಕಣ್ಣೆದುರು ಏನೂ ಕೈಗೂಡದಿದ್ದಾಗಲೂ ಕೆಲಸ ಬಿಡದಂತೆ ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ. ಈ ವಿಶ್ವಾಸದಿಂದ ಹುಟ್ಟುವ ಸದ್ಗುಣಗಳಲ್ಲಿ ಹೀಗೆ ಕೆಲಸ ಬಿಡದ ಸ್ಥೈರ್ಯವೇ ಹಿರಿದು.

ಅದರ ದೊಡ್ಡ ಉದಾಹರಣೆ ಮಂಗಳೂರಿನ ಕಂಕನಾಡಿಯಲ್ಲಿದೆ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಅಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ 1902ರಲ್ಲಿ ಪ್ಲೇಗ್ ಪೀಡಿತರಿಗೆ ಆಸ್ಪತ್ರೆಯನ್ನೂ ಕಟ್ಟಿದರು. ಕುಷ್ಠವನ್ನು ನಿಜವಾಗಿ ಹತೋಟಿಗೆ ತರುವ ಔಷಧಗಳು ಬಂದದ್ದು 1940ರ ದಶಕದಲ್ಲಿ. ಮುಲ್ಲರ್ ತೀರಿಕೊಂಡದ್ದು 1910ರಲ್ಲಿ. ವಾಸಿಯಾಗದೆಂದು ಗೊತ್ತಿದ್ದ ದೇಹಗಳಿಗೇ ಅವರು ಮನೆ ಕಟ್ಟಿದರು. ದೇಹವು ಬಿಸಾಡುವ ಚಿಪ್ಪಷ್ಟೇ ಆಗಿದ್ದರೆ ಬೆರಳು ಸವೆದ ಕೈಯೊಂದರ ಹುಣ್ಣನ್ನು ದಿನವೂ ತೊಳೆದು ಬಟ್ಟೆ ಕಟ್ಟುವುದಕ್ಕೆ ಕರುಣೆಯ ಹೊರತು ಬೇರೆ ಆಧಾರವಿರುತ್ತಿರಲಿಲ್ಲ, ಮತ್ತು ಕರುಣೆ ದಣಿಯುತ್ತದೆ. ಎದ್ದು ಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವೆಂದು, ನಂಬದ ಶಿಷ್ಯ ತೋಮನಿಗೆ ಆತನು ಅವನ್ನೇ ತೋರಿಸಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ; ಅದನ್ನು ನಂಬಿದವರಿಗೆ ಆ ಕೈಯ ಹುಣ್ಣು ಮುಟ್ಟಬಾರದ್ದಾಗಿ ಕಾಣಲಿಲ್ಲ.