ಧೂಮಪಾನತ್ಯಾಗದ ಲಾಭ ಯಾರಿಗೆ?

ಉದ್ಯೋಗನಿಮಿತ್ತ ಊರು ಬಿಟ್ಟು ದೆಹಲಿಯ ಸರೋಜಿನಿ ನಗರದಂತಹ ಬಡಾವಣೆಗಳಿಗೆ ಬಂದ ನಮ್ಮ ಕುಟುಂಬಗಳು ಆಚಾರ, ಹಬ್ಬ, ಭಾಷೆಗಳನ್ನು ಯಥಾಶಕ್ತಿ ಉಳಿಸಿಕೊಂಡಿವೆ. ಆದರೆ ಸಹವಾಸದಿಂದಲೋ ಚಳಿಯ ನೆಪದಿಂದಲೋ ಅಂಟಿದ ಧೂಮಪಾನವೂ ಕೆಲವೆಡೆ ಉಳಿದಿದೆ. "ನಮ್ಮ ದುಡ್ಡು, ನಮ್ಮ ದೇಹ, ಅನ್ಯರಿಗೇನು?" ಎಂಬ ಪ್ರಶ್ನೆ ವಿಚಾರಾರ್ಹವಾದುದು.

ಮೊದಲು ಹಣ. ದಿನಕ್ಕೆ 10 ಸಿಗರೇಟು, ಒಂದಕ್ಕೆ 15 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 54,750 ರೂಪಾಯಿ. ಊರಿನಲ್ಲಿರುವ ತಂದೆತಾಯಿಗಳ ಔಷಧಿಗೂ ಮಕ್ಕಳ ವಿದ್ಯಾಭ್ಯಾಸಕ್ಕೂ ಅದರಲ್ಲಿ ಪಾಲುಂಟು. ಹೊತ್ತೂ ಹಾಗೆಯೇ. ಒಂದಕ್ಕೆ 6 ನಿಮಿಷವಾದರೆ ದಿನಕ್ಕೊಂದು ಗಂಟೆ; ವರ್ಷಕ್ಕೆ 15 ಹಗಲುರಾತ್ರಿಗಳು. ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸಲು ಬಿಡುವಿಲ್ಲವೆನ್ನುವವರು ಇದನ್ನು ಗಮನಿಸಬೇಕು.

ಇನ್ನು ದೇಹ. ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಅದರಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ಹೊಗೆ ಸೇದುವವರಲ್ಲಿಯೇ ನಿಲ್ಲುವುದಿಲ್ಲ. ದೆಹಲಿಯ ಚಳಿಗಾಲದಲ್ಲಿ ಹೊರಗಿನ ಗಾಳಿಯೇ ಮಲಿನ. ಮುಚ್ಚಿದ ಕಿಟಕಿಗಳ ಒಳಗೆ ಒಬ್ಬರು ಬಿಟ್ಟ ಹೊಗೆಯನ್ನು ಹಸುಗೂಸೂ ಉಸಿರಾಡಬೇಕು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ದೆಹಲಿಯ 1996ರ ಕಾಯಿದೆ ತಡೆಯಿತು. 2008ರ ಅಕ್ಟೋಬರ್ 2ರಿಂದ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಬಂದವು. ಕಾನೂನು ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಒಳಗಿನದು ಗೃಹಸ್ಥಧರ್ಮದ ಹೊಣೆ. ದಿನದ 21,600 ಶ್ವಾಸಗಳೂ ಪ್ರಾಣದೇವರು ನಡೆಸುವ ಹಂಸಮಂತ್ರಜಪವೆಂದು ನಂಬಿದವರಿಗೆ ಉಸಿರು ಸ್ವಂತ ಆಸ್ತಿಯಲ್ಲವೆಂದು ಬೇರೆ ಹೇಳಬೇಕಿಲ್ಲ.

"ಬಿಡಲಾಗದು" ಎಂಬುದು ಮತ್ತೊಂದು ಆಕ್ಷೇಪ. ನಿಕೋಟಿನ್ನಿನ ಕಟ್ಟು ಬಲವಾದುದು. ಮೊದಲ ದಿನಗಳ ಚಡಪಡಿಕೆ, ಸಿಡುಕು ಸುಳ್ಳಲ್ಲ. ಆದರೆ ಚಾತುರ್ಮಾಸ್ಯದಲ್ಲಿ ತರಕಾರಿ, ಮೊಸರು, ಹಾಲು, ದ್ವಿದಳಗಳನ್ನು ತಿಂಗಳಿಗೊಂದರಂತೆ ವರ್ಜಿಸುವ ಮನೆಗಳಿಗೆ ತ್ಯಾಗ ಹೊಸತಲ್ಲ. ಅಲ್ಲಿ ನಮ್ಮನ್ನು ಕಾಯುವುದು ಒಬ್ಬರ ಮನೋಬಲ ಮಾತ್ರವಲ್ಲ. ಗೊತ್ತಾದ ದಿನ, ಸಂಕಲ್ಪ, ಅದಕ್ಕೆ ತಕ್ಕಂತೆ ಬದಲಾಗುವ ಅಡುಗೆಮನೆ. ಇಲ್ಲಿಯೂ ದಿನ ಗೊತ್ತುಮಾಡಬೇಕು. ಬೆಂಕಿಪೊಟ್ಟಣ, ಸಿಗರೇಟುಗಳನ್ನು ಕೈಗೆಟುಕದಂತೆ ತೆಗೆದುಹಾಕಬೇಕು. ಸಿಡುಕನ್ನು ಮನೆಯವರು ಕೆಲಕಾಲ ಸಹಿಸಬೇಕು. ಒಮ್ಮೆ ಜಾರಿದರೆ ಮರುದಿನವೇ ಮತ್ತೆ ಸಂಕಲ್ಪಿಸಬೇಕು. ವೈದ್ಯರ ನೆರವಿನಲ್ಲಿ ಸಂಕೋಚ ಬೇಡ. ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ 2016ರಲ್ಲಿ ಆರಂಭವಾದ ಉಚಿತ ದೂರವಾಣಿ ಸಲಹಾಸೇವೆಯ ಸಂಖ್ಯೆ 1800-11-2356.

ವ್ಯತ್ಯಾಸವಿಷ್ಟೆ: ವ್ರತ ಮುಗಿದ ಬಳಿಕ ಮೊಸರು ಎಲೆಗೆ ಮರಳುತ್ತದೆ; ಇದು ಮರಳಬಾರದು. ಹಾಗೆ ಉಳಿದ ಹಣ, ಹೊತ್ತು, ಉಸಿರು ಮನೆಮಂದಿಗೆಲ್ಲ ಸಲ್ಲಲಿ ಎಂದು ಹಾರೈಸುತ್ತೇವೆ.