ಹೇಳಿದ್ದೆಷ್ಟು, ತಿರುಗಿದ್ದೆಷ್ಟು?

ಸ್ಟೆಪರ್ ಮೋಟರ್ ಅನ್ನೋದು ಬಹಳ ವಿಧೇಯ ಯಂತ್ರ. ಸಾಮಾನ್ಯ ಮೋಟರಿಗೆ ಕರೆಂಟ್ ಕೊಟ್ಟರೆ ತನ್ನ ಪಾಡಿಗೆ ತಾನು ಗಿರಗಿರ ತಿರುಗುತ್ತೆ. ಎಷ್ಟು ತಿರುಗಿದಿ ಅಂತ ಕೇಳಿದರೆ ಅದಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸ್ಟೆಪರ್ ಹಂಗಲ್ಲ. ಒಂದು ಪಲ್ಸ್ ಕೊಟ್ಟರೆ ಒಂದೇ ಹೆಜ್ಜೆ. ನಮ್ಮಂಥ ಹವ್ಯಾಸಿಗಳು ಬಳಸುವ ನೆಮಾ 17 ಅಳತೆಯ ಮೋಟರುಗಳಲ್ಲಿ ಸಾಮಾನ್ಯವಾಗಿ ಒಂದು ಹೆಜ್ಜೆ ಅಂದರೆ 1.8 ಡಿಗ್ರಿ. 200 ಹೆಜ್ಜೆ ಆದರೆ ಒಂದು ಪೂರ್ತಿ ಸುತ್ತು. ಒಂದು ಆರ್ಡುಯಿನೋ, ಒಂದು ಎ4988 ಡ್ರೈವರ್, ನಾಲ್ಕಾರು ವೈರು ಇದ್ದರೆ ಸಾಕು. 50 ಪಲ್ಸ್ ಕಳಿಸಿದರೆ ಕಾಲು ಸುತ್ತು, 100 ಕಳಿಸಿದರೆ ಅರ್ಧ ಸುತ್ತು. ನೋಡುವ ಅಗತ್ಯವೇ ಇಲ್ಲ, ಎಣಿಸಿದರೆ ಸಾಕು.

ಈ ‘ನೋಡುವ ಅಗತ್ಯವೇ ಇಲ್ಲ’ ಅನ್ನುವ ಮಾತಿನ ಬಗ್ಗೆಯೇ ನನಗೆ ತಕರಾರು ಇರೋದು.

ಆರ್ಡುಯಿನೋದವರು ಬಳಸುವ ಆಕ್ಸೆಲ್‌ಸ್ಟೆಪರ್ ಎಂಬ ಲೈಬ್ರರಿಯಲ್ಲಿ ‘ಕರೆಂಟ್ ಪೊಸಿಷನ್’ ಅಂತ ಒಂದು ಫಂಕ್ಷನ್ ಇದೆ. ಹೆಸರು ಕೇಳಿದರೆ ಮೋಟರ್ ಈಗ ಎಲ್ಲಿದೆ ಅಂತ ಹೇಳುತ್ತೆ ಅನಿಸುತ್ತೆ. ಆದರೆ ಅದು ಹೇಳುವುದು ತಾನು ಇದುವರೆಗೆ ಎಷ್ಟು ಹೆಜ್ಜೆಗೆ ಆಜ್ಞೆ ಕೊಟ್ಟಿದ್ದೇನೆ ಎಂಬ ಲೆಕ್ಕವನ್ನು. ಮೋಟರ್ ಬಿಗಿಯಾಗಿ ಸಿಕ್ಕಿಕೊಂಡು ಒಂದಿಂಚೂ ಅಲ್ಲಾಡದೆ ಗುರ್ ಅನ್ನುತ್ತಿದ್ದರೂ ಆ ಫಂಕ್ಷನ್ 250 ಅಂತಲೇ ಹೇಳುತ್ತೆ. ಸುಳ್ಳು ಹೇಳುತ್ತಿದೆ ಅನ್ನುವಂತಿಲ್ಲ. ಅದಕ್ಕೆ ಗೊತ್ತಿರುವುದೇ ಅಷ್ಟು. ಮೋಟರಿನಿಂದ ವಾಪಸ್ ಬರುವ ಒಂದು ವೈರೂ ಅಲ್ಲಿಲ್ಲ.

ವಿಜಯಪುರದ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. 1656ರಲ್ಲಿ ಕಟ್ಟಿ ಮುಗಿದ ಗೋಳಗುಮ್ಮಟಕ್ಕೆ ಶಾಲೆಯ ಟ್ರಿಪ್ಪಿನಲ್ಲಿ ಹೋಗದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋಗಿ ‘ಓ’ ಅಂದರೆ ‘ಓ’ ಅಂತ ಮೇಲಿಂದ ಮೇಲೆ ವಾಪಸ್ ಬರುತ್ತೆ. ಯಾರೋ ಉತ್ತರ ಕೊಟ್ಟರು ಅಂತ ಸಣ್ಣ ಮಕ್ಕಳಿಗೆ ಖುಷಿ. ಯಾರೂ ಉತ್ತರ ಕೊಟ್ಟಿಲ್ಲ, ನಮ್ಮ ದನಿ ನಮಗೇ ತಿರುಗಿ ಬಂದಿದೆ ಅಷ್ಟೇ. ಪ್ರತಿಧ್ವನಿ ಬೇರೆ, ಉತ್ತರ ಬೇರೆ. ಕರೆಂಟ್ ಪೊಸಿಷನ್ ಅನ್ನುವುದು ಪ್ರತಿಧ್ವನಿ.

ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು ಅಂತೀರಾ? ಬರುತ್ತೆ, ತಾಳಿ.

ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿಯೇ ಜೀವ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಇನ್ನೊಂದು ಚಾಟ್ನಿ, ಆಮೇಲೆ ಹಣ್ಣು, ಮಣೂಕ, ಸಾಲದ ಲೆಕ್ಕ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂತು ನಿಜ. ಆದರೆ ಟ್ಯಾಂಕರ್ ನೀರು ಕೊಂಡು ತಂದು ಬಳ್ಳಿ ಉಳಿಸಿಕೊಂಡ ವರ್ಷಗಳನ್ನು ಯಾರೂ ಮರೆತಿಲ್ಲ. ಅಲ್ಲಿ ಡ್ರಿಪ್ಪಿನ ಒಂದು ವಾಲ್ ರಾತ್ರಿಯಿಡೀ ತೆರೆದೇ ಉಳಿಯಿತು ಅಂದರೆ ಅದು ತಮಾಷೆಯ ಮಾತಲ್ಲ. ಒಂದು ಪ್ಲಾಟಿಗೆ ನೀರು ಹೆಚ್ಚಾಗಿ, ಇನ್ನೊಂದು ಪ್ಲಾಟು ಒಣಗಿ, ಬೆಳಗ್ಗೆ ಬೋರು ಬರೀ ಗಾಳಿ ಉಗುಳುವ ಸಂಗತಿ.

ನಮ್ಮ ಸಂಬಂಧಿಕರ ಹುಡುಗನೊಬ್ಬ ವಿಜಯಪುರದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ತಿಕೋಟಾ ಹತ್ತಿರದ ತೋಟದ ವಾಲ್‌ಗಳನ್ನು ತಾನೇ ತಿರುಗಿಸುವ ಒಂದು ಸಾಧನ ಮಾಡಿದ್ದ. ಬಾಲ್ ವಾಲ್‌ಗೆ ಕಾಲು ಸುತ್ತು ಸಾಕು. 5:1 ಗೇರ್ ಹಾಕಿದ್ದರಿಂದ 250 ಹೆಜ್ಜೆಗೆ ತೆರೆಯುತ್ತೆ, ತಿರುಗಿ 250ಕ್ಕೆ ಮುಚ್ಚುತ್ತೆ. ಮೇಜಿನ ಮೇಲೆ ಚಂದ ಕೆಲಸ ಮಾಡಿತು. ಮೊಬೈಲಿನಲ್ಲಿ ‘ವಾಲ್ ಬಂದ್’ ಅಂತ ಹಸಿರು ಅಕ್ಷರ ಬಂತು. ತೋಟದ ಯಜಮಾನರು, ನಾನು ಕಾಕಾ ಅನ್ನೋರು, ಎಲ್ಲಾ ನೋಡಿ ಒಂದೇ ಮಾತು ಕೇಳಿದರು: “ಹೌದಪಾ, ನೀ ಹೇಳಿದಿ. ಅದು ಬಂದ್ ಆಗಿದ್ದು ಯಾರ್ ನೋಡ್ಯಾರ?”

ಏಳನೇ ಇಯತ್ತೆ ಓದಿದ ಮನುಷ್ಯ ಕೇಳಿದ ಈ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಓಪನ್ ಲೂಪ್ ಸಮಸ್ಯೆ ಅಂತ ಹೆಸರು. ಹೇಳಿದ್ದಕ್ಕೂ ಆದದ್ದಕ್ಕೂ ನಡುವೆ ಬಿರುಕು ಬೀಳಲು ಮೂರು ದಾರಿ ಇವೆ.

ಮೊದಲನೆಯದು, ಮೋಟರಿನ ಕೈಲಾಗದಿದ್ದಾಗ. ಉಪ್ಪು ನೀರಿನ ಪದರ ಕಟ್ಟಿ ವಾಲ್ ಬಿಗಿಯಾಗಿರುತ್ತೆ. ಇಲ್ಲವೇ ನಾವು ಅವಸರಪಟ್ಟು ನಿಂತ ಮೋಟರಿಗೆ ಒಮ್ಮೆಲೇ ಜೋರು ವೇಗದ ಪಲ್ಸ್ ಕಳಿಸಿರುತ್ತೇವೆ. ವೇಗ ಹೆಚ್ಚಿದಷ್ಟೂ ಸ್ಟೆಪರಿನ ಬಲ ಕಡಿಮೆ. ಹೆಜ್ಜೆ ಜಾರುತ್ತೆ.

ಎರಡನೆಯದು, ಕರೆಂಟ್ ಹೋಗಿ ಬಂದಾಗ. ಮೈಕ್ರೋಕಂಟ್ರೋಲರ್ ಮತ್ತೆ ಎಚ್ಚರವಾದಾಗ ಲೆಕ್ಕ ಸೊನ್ನೆಯಿಂದ ಶುರು. ವಾಲ್ ಅರ್ಧ ತೆರೆದಿದ್ದರೂ, ತಾನು ಕಣ್ಣು ಬಿಟ್ಟ ಜಾಗವೇ ಸೊನ್ನೆ ಅಂದುಕೊಳ್ಳುತ್ತೆ.

ಮೂರನೆಯದು ಬಹಳ ಸೂಕ್ಷ್ಮ. ಅಗ್ಗದ 28ಬಿವೈಜೆ-48 ಮೋಟರಿನ ಗೇರ್ 64ಕ್ಕೆ 1 ಅಂತ ಬರೆದಿರುತ್ತೆ, ಆ ಲೆಕ್ಕದಲ್ಲಿ ಒಂದು ಸುತ್ತಿಗೆ 2048 ಹೆಜ್ಜೆ. ಆದರೆ ಎಷ್ಟೋ ಮೋಟರುಗಳನ್ನು ಬಿಚ್ಚಿ ಹಲ್ಲು ಎಣಿಸಿದರೆ ಅದು ಸುಮಾರು 63.68 ಅಷ್ಟೇ. ಅಂದರೆ ಒಂದು ಸುತ್ತಿಗೆ ಬೇಕಾದ್ದು 2038ರ ಆಸುಪಾಸು. ಹತ್ತು ಹೆಜ್ಜೆಯ ವ್ಯತ್ಯಾಸ ಏನು ಮಹಾ ಅನಿಸಬಹುದು. ಒಂದೇ ದಿಕ್ಕಿನಲ್ಲಿ 200 ಸುತ್ತು ಹೋಗುವಷ್ಟರಲ್ಲಿ ಅದು ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತಾಗಿರುತ್ತೆ. ಇಲ್ಲಿ ಮೋಟರ್ ಒಂದು ಹೆಜ್ಜೆಯನ್ನೂ ತಪ್ಪಿಲ್ಲ. ಎಲ್ಲಾ ಆಜ್ಞೆ ಪಾಲಿಸಿದೆ. ತಪ್ಪಿದ್ದು ನಮ್ಮ ನಂಬಿಕೆ.

ಈಗ ಪ್ರಶ್ನೆ. ವಾಲ್ ತೆರೆದೇ ಉಳಿದು ನೀರು ಹೋದರೆ ಹೊಣೆ ಯಾರದು? ‘ನಾನು 250 ಅಂತ ಸರಿಯಾಗಿ ಹೇಳಿದ್ದೆ’ ಅನ್ನುವುದು ಉತ್ತರವಾಗುತ್ತಾ?

ನನ್ನ ಪ್ರಕಾರ ಆಗಲ್ಲ. ಕಾರಣ ಇಷ್ಟೇ: ಮೋಟರಿಗೆ ‘ಆಗಲಿಲ್ಲ’ ಅನ್ನಲು ನಾವು ಒಂದು ವೈರು ಕೊಟ್ಟಿರಲಿಲ್ಲ. ಮೌನವೇ ಸಮ್ಮತಿಯ ಲಕ್ಷಣ ಅಂತ ದೊಡ್ಡವರು ಹೇಳುತ್ತಾರೆ. ಬೇಡ ಅನ್ನುವ ದಾರಿ ಇದ್ದವನ ಮೌನ ಸಮ್ಮತಿ ಇರಬಹುದು. ದಾರಿಯೇ ಇಲ್ಲದವನ ಮೌನಕ್ಕೆ ಯಾವ ಅರ್ಥವೂ ಇಲ್ಲ. ಆ ಮೌನವನ್ನು ‘ಕೆಲಸ ಆಯ್ತು’ ಅಂತ ಓದಿಕೊಳ್ಳುವವನೇ ಹೊಣೆಗಾರ.

ನಮ್ಮ ಆಫೀಸುಗಳನ್ನು ನೋಡಿ. ಬೆಳಗಿನ ಹತ್ತು ನಿಮಿಷದ ಮೀಟಿಂಗಿನಲ್ಲಿ ಹೊಸ ಹುಡುಗಿಯೊಬ್ಬಳಿಗೆ “ಶುಕ್ರವಾರಕ್ಕೆ ಆಗುತ್ತಲ್ವಾ?” ಅಂತ ಎಲ್ಲರ ಮುಂದೆ ಕೇಳುತ್ತಾರೆ. ಅವಳು “ಆಗುತ್ತೆ” ಅನ್ನುತ್ತಾಳೆ. ಅದು ಅವಳ ಉತ್ತರವಲ್ಲ, ಮ್ಯಾನೇಜರ್ ದನಿಯ ಪ್ರತಿಧ್ವನಿ. ಶುಕ್ರವಾರ ಆಗಲಿಲ್ಲ ಅಂದಾಗ “ನೀನೇ ಹೇಳಿದ್ದೆಯಲ್ಲ” ಅನ್ನುವುದು ಗೋಳಗುಮ್ಮಟದ ಗೋಡೆಯನ್ನು ಕೋರ್ಟಿಗೆ ಎಳೆದಂತೆ.

ಹಾಗಾದರೆ ಎಲ್ಲರ ಬೆನ್ನಿಗೂ ಒಂದು ಎನ್‌ಕೋಡರ್ ಕಟ್ಟಬೇಕಾ? ಪ್ರತಿ ಹೆಜ್ಜೆಗೂ ಎಲ್ಲಿದ್ದೀಯ ಅಂತ ಕೇಳಬೇಕಾ? ಲ್ಯಾಪ್‌ಟಾಪಿನ ಹಸಿರು ಚುಕ್ಕೆ ಐದು ನಿಮಿಷ ಹಳದಿ ಆದರೆ ಮೆಸೇಜ್ ಬರುವ ಬದುಕು ನಮ್ಮಲ್ಲಿ ಹಲವರಿಗೆ ಗೊತ್ತು. ಅದನ್ನು ಜವಾಬ್ದಾರಿ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಇಲ್ಲೇ ಹವ್ಯಾಸಿಗಳ ಒಂದು ಸಣ್ಣ ಪದ್ಧತಿ ದಾರಿ ತೋರಿಸುತ್ತೆ. ಅದಕ್ಕೆ ಹೋಮಿಂಗ್ ಅಂತಾರೆ. ತ್ರೀಡಿ ಪ್ರಿಂಟರ್ ನೋಡಿದವರಿಗೆ ಗೊತ್ತಿರುತ್ತೆ. ಕೆಲಸ ಶುರು ಮಾಡುವ ಮುಂಚೆ ಅದರ ತಲೆ ನಿಧಾನವಾಗಿ ಒಂದು ಮೂಲೆಗೆ ಹೋಗಿ ಲಿಮಿಟ್ ಸ್ವಿಚ್‌ಗೆ ‘ಟಕ್’ ಅಂತ ಮುಟ್ಟುತ್ತೆ. ಸ್ವಿಚ್ ಒತ್ತಿತು ಅಂದರೆ ‘ಇದು ಸೊನ್ನೆ’ ಅಂತ ಖಚಿತ. ಆಮೇಲೆ ಗಂಟೆಗಟ್ಟಲೆ ಯಾರೂ ಮೋಟರನ್ನು ಕೇಳುವುದಿಲ್ಲ. ಲಕ್ಷಗಟ್ಟಲೆ ಹೆಜ್ಜೆಯನ್ನು ಬರೀ ನಂಬಿಕೆಯ ಮೇಲೆ ಹಾಕಿಸುತ್ತಾರೆ. ಅಂದರೆ ನಂಬಿಕೆ ಇದೆ, ಆದರೆ ಅದು ಒಮ್ಮೆ ಮುಟ್ಟಿ ನೋಡಿದ ಜಾಗದಿಂದ ಶುರುವಾದ ನಂಬಿಕೆ. ಎಷ್ಟು ಸಲ ಮುಟ್ಟಿ ನೋಡಬೇಕು ಅನ್ನೋದು ತಪ್ಪಿದರೆ ಎಷ್ಟು ನಷ್ಟ ಅನ್ನುವುದರ ಮೇಲೆ. ಕಿಟಕಿಯ ಪರದೆಗೆ ದಿನಕ್ಕೊಮ್ಮೆ ಸಾಕು, ತೋಟದ ವಾಲ್‌ಗೆ ಪ್ರತಿ ಸಲವೂ ಬೇಕು.

ಹೋಮಿಂಗ್‌ನಲ್ಲಿ ನನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಲೆಕ್ಕ ತಪ್ಪಿದ್ದು ಕಂಡರೆ ಬದಲಾಗುವುದು ಯಾರು? ಮೋಟರಿಗೆ ಶಿಕ್ಷೆ ಇಲ್ಲ. ಆಜ್ಞೆ ಕೊಟ್ಟವನು ತನ್ನ ಲೆಕ್ಕವನ್ನು ಅಳಿಸಿ ಸರಿಯಾದ್ದನ್ನು ಬರೆದುಕೊಳ್ಳುತ್ತಾನೆ. ಪರೀಕ್ಷೆಗೂ ಪಹರೆಗೂ ಇರುವ ಗೆರೆ ಇದೇ ಅಂತ ನನಗೆ ಅನಿಸುತ್ತೆ. ಪರೀಕ್ಷೆ ಮುಗಿದ ಮೇಲೆ ತಿದ್ದಿಕೊಳ್ಳುವವನು ಕೇಳಿದವನೇ ಆದರೆ ಅದು ವಿನಯ. ಪೆಟ್ಟು ಬೀಳುವುದು ಕೇಳಿಸಿಕೊಂಡವನಿಗೆ ಮಾತ್ರ ಆದರೆ ಅದು ಪಹರೆ. ಎರಡಕ್ಕೂ ಸ್ವಿಚ್ ಒಂದೇ, ವೈರ್ ಒಂದೇ.

ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ನಮಗೆಲ್ಲ ಇದು ದಿನಾ ಎದುರಾಗುತ್ತೆ. ತಿಂಗಳ ಒಂದನೇ ತಾರೀಖು ಮನೆಗೆ ಹಣ ಹೋಗುತ್ತೆ. ‘ಪೇಮೆಂಟ್ ಸಕ್ಸಸ್‌ಫುಲ್’ ಅಂತ ಬರುತ್ತೆ. ಹೋದದ್ದು ಖಾತ್ರಿ. ಅದರಿಂದ ಅಲ್ಲಿ ಏನಾಯಿತು ಅನ್ನೋದು ಖಾತ್ರಿ ಇಲ್ಲ. ರವಿವಾರ ಫೋನ್ ಮಾಡುತ್ತೇವೆ. ನಮ್ಮ ಕಡೆಯ ಮಾತು ಹೇಗಿದೆ ನೋಡಿ: “ಆರಾಮ ಅದೀರಿ?” ಅಂದರೆ “ಆರಾಮ ಅದೀವಿ” ಅಂತ ಬರುತ್ತೆ. ಪ್ರಶ್ನೆಯ ಪದವೇ ಉತ್ತರದ ಪದ. ಯಾವ ಅವ್ವನೂ ಮಗ ಆಫೀಸಿನಲ್ಲಿರುವಾಗ ಆ ಪ್ರಶ್ನೆಗೆ ಬೇರೆ ಉತ್ತರ ಕೊಡುವುದಿಲ್ಲ. ಊರಿನಲ್ಲಿ ಎಲ್ಲಾ ಹೇಗಿದೆ ಅನ್ನುವ ನಮ್ಮ ಲೆಕ್ಕವೂ ನಾವು ಊರು ಬಿಟ್ಟ ದಿನವನ್ನೇ ಸೊನ್ನೆ ಮಾಡಿಕೊಂಡಿರುತ್ತೆ. ಅಲ್ಲಿಂದೀಚೆ ಹೆಜ್ಜೆ ಎಷ್ಟು ಜಾರಿದೆಯೋ.

ಪ್ರೀತಿ ಕಡಿಮೆ ಅಂತಲ್ಲ. ‘ಇಲ್ಲ’ ಅನ್ನಲು ವೈರಿಲ್ಲ ಅಷ್ಟೇ. ‘ಇಲ್ಲ’ ಬರಬಲ್ಲ ಪ್ರಶ್ನೆಗಳು ಬೇರೆ ಇವೆ. “ಬಿಪಿ ಗುಳಿಗೆ ಎಷ್ಟು ಉಳಿದಾವ, ಎಣಿಸಿ ಹೇಳು.” “ಈ ವಾರ ನೀರು ಯಾವ ದಿನ ಬಂತು?” “ಮಣೂಕದ ರೊಕ್ಕ ಕೈಗೆ ಬಂತೋ, ಬರೋದೈತೋ?” ಇವಕ್ಕೆ ‘ಆರಾಮ’ ಅಂತ ಉತ್ತರ ಕೊಡಲು ಬರುವುದಿಲ್ಲ. ಗುಳಿಗೆ ಎಣಿಸಲೇಬೇಕು. ಎಣಿಕೆ ನಮ್ಮ ಅಂದಾಜಿಗೆ ಹೊಂದದಿದ್ದರೆ ಅವ್ವನನ್ನು ಬೈಯುವುದಲ್ಲ, ನಮ್ಮ ಲೆಕ್ಕ ತಿದ್ದಿಕೊಳ್ಳುವುದು.

ಆ ಹುಡುಗ ಈಗ ಪ್ರತಿ ವಾಲ್‌ಗೂ ಎರಡು ಲಿಮಿಟ್ ಸ್ವಿಚ್ ಕೂರಿಸುತ್ತಿದ್ದಾನೆ, ತೆರೆದದ್ದಕ್ಕೊಂದು, ಮುಚ್ಚಿದ್ದಕ್ಕೊಂದು. ಸ್ವಿಚ್ಚಿನ ಖರ್ಚು ಏನೂ ಇಲ್ಲ. ತೋಟದ ಆ ತುದಿಯಿಂದ ಈ ತುದಿಯವರೆಗೆ ವಾಪಸ್ ಬರುವ ವೈರು ಎಳೆಯುವುದೇ ದೊಡ್ಡ ಕೆಲಸ, ಇಲಿ ಕಡಿಯದ ಹಾಗೆ ಪೈಪಿನೊಳಗೆ ಹಾಕಿ, ನೆಲ ಅಗೆದು.