ದಾಳ ಉರುಳುವ ಮುನ್ನ

2020ರ ಲಾಕ್‌ಡೌನ್. ಹೊರಗೆ ಬೀದಿ ಬಣಗುಡುತ್ತಿತ್ತು. ಒಳಗೆ ನಮ್ಮ ಟೀವಿಯಲ್ಲಿ ಹಸ್ತಿನಾವತಿಯ ಸಭೆ ಕಿಕ್ಕಿರಿದಿತ್ತು. 2013ರಲ್ಲಿ ಹಿಂದಿಯಲ್ಲಿ ಬಂದಿದ್ದ ‘ಮಹಾಭಾರತ’ ಆ ವರ್ಷ ಸ್ಟಾರ್ ಸುವರ್ಣದಲ್ಲಿ ಕನ್ನಡ ಮಾತಾಡತೊಡಗಿತ್ತು. ಅಂದು ದ್ಯೂತದ ಸಂಚಿಕೆ. ಶಕುನಿ ದಾಳಗಳನ್ನು ಅಂಗೈಯಲ್ಲಿ ಉಜ್ಜುತ್ತಿದ್ದ. ಹೂಬತ್ತಿ ಮಾಡುತ್ತ ಕೂತಿದ್ದ ಅಜ್ಜಿಯ ಕೈ ತಟ್ಟನೆ ನಿಂತಿತು. ಅರ್ಧ ಹೊಸೆದ ಹತ್ತಿ ಬೆರಳ ಸಂದಿಯಲ್ಲೇ ಉಳಿಯಿತು.

‘ಬೇಡ ಕಣೋ ಧರ್ಮರಾಯ, ಎದ್ದು ಬಾ’ ಎಂದಳು.

ಅಜ್ಜಿಗೆ ಕಥೆ ಗೊತ್ತಿಲ್ಲವೇ? ಗಮಕಿಗಳ ಬಾಯಲ್ಲಿ ಗದುಗಿನ ಭಾರತ ಕೇಳಿ ಬೆಳೆದವಳು. ಪಣಕ್ಕೆ ಮೊದಲು ನಕುಲ, ಆಮೇಲೆ ಸಹದೇವ, ಅರ್ಜುನ, ಭೀಮ, ಕಡೆಗೆ ದ್ರೌಪದಿ ಎಂಬುದು ಅವಳಿಗೆ ಬಾಯಿಪಾಠ. ಕೊಲೆಗಾರ ಯಾರೆಂದು ಮೊದಲೇ ತಿಳಿದರೆ ಪತ್ತೇದಾರಿ ಕಾದಂಬರಿಯನ್ನು ನಾವು ಮುಚ್ಚಿಡುತ್ತೇವೆ. ಇಲ್ಲಿ ಎಲ್ಲ ಗೊತ್ತಿದ್ದೇ ಬಂದು ಕೂರುತ್ತೇವೆ.

ಗ್ರಾಫಿಕ್ಸ್‌ನ ಅರಮನೆಗೆ ನಾನು ಬೆರಗಾಗಲಿಲ್ಲ. ಹೇಳುವವರ ಕಾಲಕ್ಕೆ ತಕ್ಕಂತೆ ಕಥೆ ವೇಷ ಬದಲಿಸುತ್ತಲೇ ಬಂದಿದೆ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಕುಮಾರವ್ಯಾಸ ಹದಿನೆಂಟು ಪರ್ವಗಳಲ್ಲಿ ಹತ್ತಕ್ಕೇ ನಿಲ್ಲಿಸಿದ. 1988ರಲ್ಲಿ ಬಿ.ಆರ್. ಚೋಪ್ರಾ ಅವರ ದೂರದರ್ಶನದ ಧಾರಾವಾಹಿಗೆ ಸಂಭಾಷಣೆ ಬರೆದ ರಾಹಿ ಮಾಸೂಮ್ ರಜಾ ಕಥೆ ಹೇಳುವ ಕೆಲಸವನ್ನು ಕಾಲನಿಗೇ ವಹಿಸಿದರು. ಮುಖವಿಲ್ಲದ ಆ ‘ಸಮಯ’ಕ್ಕೆ ದನಿ ಮಾತ್ರ ಇತ್ತು. ಇಷ್ಟೆಲ್ಲ ಬದಲಿಸಿದವರಲ್ಲಿ ಒಬ್ಬರೂ ಧರ್ಮರಾಯನನ್ನು ಆ ಹಾಸಿನಿಂದ ಎಬ್ಬಿಸಲಿಲ್ಲ.

ನನಗೆ ಬೆರಗು ಹುಟ್ಟಿಸಿದ್ದು ದಾಳ ಉರುಳುವ ಮುನ್ನಿನ ಆ ಒಂದು ಗಳಿಗೆ. ಅವನನ್ನು ಯಾರೂ ಕಟ್ಟಿಹಾಕಿಲ್ಲ, ಬಾಗಿಲು ತೆರೆದೇ ಇದೆ. ಸೋಲು ಕಣ್ಣೆದುರಿಗಿದ್ದರೂ ಅವನು ಕೂತೇ ಇದ್ದಾನೆ. ಧರ್ಮ ಬಲ್ಲವನ ಪಾಡೇ ಇದು. ಅಜ್ಜಿ ಕೂಗಿದ್ದು ಆ ತೆರೆದ ಬಾಗಿಲನ್ನು ನೋಡಿ. ಕಥೆ ಮುಗಿದು ಸಾವಿರಾರು ವರ್ಷವಾಗಿರಬಹುದು. ಆ ಗಳಿಗೆ ಮಾತ್ರ ನೋಡಿದಾಗಲೆಲ್ಲ ಹೊಸದಾಗಿಯೇ ಬರುತ್ತದೆ. ಎದ್ದುಬಿಡಬಹುದಿತ್ತು, ಏಳಲಿಲ್ಲ ಎಂಬ ಗಳಿಗೆಗಳು ನಮ್ಮ ಬಾಳಿನಲ್ಲೂ ಇವೆಯಲ್ಲ!

ದಾಳ ಬಿತ್ತು. ಶಕುನಿ ನಕ್ಕ. ಸೋಪಿನ ಜಾಹೀರಾತು ಬಂತು. ಅಜ್ಜಿ ಬೆರಳಿಗೆ ವಿಭೂತಿ ಒತ್ತಿಕೊಂಡು, ಅರ್ಧಕ್ಕೆ ನಿಂತಿದ್ದ ಬತ್ತಿಯನ್ನು ಹೊಸೆದು ಮುಗಿಸಿದಳು.